ಎದ್ದರೆ ತಲೆನೋವು, ಮಲಗಿದರೆ ಇಲ್ಲ: ಬೆನ್ನಿನ ಇಂಜೆಕ್ಷನ್ ತಗೊಂಡ ಬಾಣಂತಿಯರಿಗೆ ಒಂದು ಸಮಗ್ರ ಮಾರ್ಗದರ್ಶಿ

ಹೆರಿಗೆಯಾಗಿ ಮೂರನೇ ದಿನ. ತುಮಕೂರಿನಲ್ಲಿ ಅಮ್ಮನ ಮನೆಯ ಬಚ್ಚಲಲ್ಲಿ ಮಣೆ ಮೇಲೆ ಕೂತಿದ್ದೆ. ನೀರು ಹಾಕುವ ಅಜ್ಜಿ ಹಂಡೆಯಿಂದ ಎರಡನೇ ಚೊಂಬು ಎತ್ತುವಷ್ಟರಲ್ಲಿ ಹಿಂದಲೆಯಿಂದ ಕತ್ತಿನವರೆಗೆ ಏನೋ ಕೆಳಕ್ಕೆ ಜಗ್ಗಿದ ಹಾಗಾಯಿತು. ಚೊಂಬು ನೆಲಕ್ಕೆ ತಾಗಿದ ಸದ್ದು ಬಾವಿಯೊಳಗಿಂದ ಬಂದಂತೆ ಕೇಳಿಸಿತು. ಒದ್ದೆ ಬಟ್ಟೆಯಲ್ಲೇ ಹೊರಗೆ ಚಾಪೆ ಮೇಲೆ ಮಲಗಿಸಿದರು. ಐದು ನಿಮಿಷಕ್ಕೆ ನೋವೆಲ್ಲ ಇಳಿಯಿತು. ಸರಿ ಹೋಯಿತಲ್ಲ ಅಂತ ಎದ್ದು ಕೂತೆ. ಮತ್ತೆ ಅದೇ ನೋವು.

"ಶೀತ ಕಣೇ, ತಲೆಗೆ ಗಾಳಿ ಹೊಕ್ಕಿದೆ" ಅಂದರು ಅಮ್ಮ. ಕಿವಿಗೆ ಹತ್ತಿ ಇಟ್ಟರು, ತಲೆಗೆ ಬಟ್ಟೆ ಬಿಗಿದರು, ಸಾಂಬ್ರಾಣಿ ಹೊಗೆ ಹಾಕಿದರು. ಪ್ರೀತಿಯಿಂದಲೇ ಮಾಡಿದರು. ಆದರೆ ಎರಡು ದಿನ ಹಾಗೇ ಕಳೆದುಹೋಯಿತು. ಕೊನೆಗೆ ನರ್ಸ್ ಆಗಿರುವ ದೊಡ್ಡಮ್ಮನ ಮಗಳು ಫೋನಿನಲ್ಲಿ ಎರಡೇ ಪ್ರಶ್ನೆ ಕೇಳಿದಳು: "ಮಲಗಿದ್ರೆ ಹೋಗುತ್ತಾ? ಬೆನ್ನಿಗೆ ಇಂಜೆಕ್ಷನ್ ಕೊಟ್ಟಿದ್ರಾ?" ಎರಡಕ್ಕೂ ಹೌದು ಅಂದೆ. "ಹಾಗಾದ್ರೆ ಅದು ಶೀತ ಅಲ್ಲ ಅಕ್ಕಾ, ಇವತ್ತೇ ಆಸ್ಪತ್ರೆಗೆ ಫೋನ್ ಮಾಡು" ಅಂದಳು.

ಆ ಎರಡು ದಿನ ನನಗೆ ಯಾರಾದರೂ ಹೇಳಬೇಕಿತ್ತು ಅನ್ನಿಸಿದ್ದನ್ನೆಲ್ಲ ಇಲ್ಲಿ ಬರೆಯುತ್ತಿದ್ದೇನೆ. ನಾನು ಡಾಕ್ಟರ್ ಅಲ್ಲ. ಇದನ್ನು ಓದಿ ನೀವೇ ಔಷಧಿ ಮಾಡಿಕೊಳ್ಳಬೇಡಿ. ಸರಿಯಾದ ಡಾಕ್ಟರ ಹತ್ತಿರ ಬೇಗ ಹೋಗಿ, ಸರಿಯಾದ ಮಾತು ಹೇಳಲು ಇದು ಸಹಾಯವಾಗಲಿ.

ಬೆನ್ನಿನಲ್ಲಿ ಆಗಿರುವುದೇನು?

ಮಿದುಳು ಮತ್ತು ಬೆನ್ನುಹುರಿಯ ಸುತ್ತ ನೀರಿನಂಥ ಒಂದು ದ್ರವ ಇರುತ್ತದೆ. ದೊಡ್ಡವರಲ್ಲಿ ಅದು ಸುಮಾರು 150 ಮಿಲಿಲೀಟರ್, ಅಂದರೆ ಒಂದು ಲೋಟಕ್ಕಿಂತ ಕಡಿಮೆ. ದೇಹ ದಿನಕ್ಕೆ ಅಂದಾಜು 500 ಮಿಲಿಲೀಟರ್ ಹೊಸದಾಗಿ ಮಾಡುತ್ತಲೇ ಇರುತ್ತದೆ. ಈ ದ್ರವ ಡ್ಯೂರಾ ಅನ್ನುವ ಗಟ್ಟಿ ಪೊರೆಯ ಚೀಲದೊಳಗೆ ಇರುತ್ತದೆ. ಮಿದುಳು ಅದರಲ್ಲಿ ತೇಲುತ್ತಿರುತ್ತದೆ.

ಹೆರಿಗೆ ನೋವು ತಗ್ಗಿಸಲು ಬೆನ್ನಿಗೆ ಕೊಡುವ ಇಂಜೆಕ್ಷನ್ನೇ ಎಪಿಡ್ಯೂರಲ್. ಅದರ ಸೂಜಿ ಈ ಪೊರೆಯ ಹೊರಗೇ ನಿಲ್ಲಬೇಕು. ಪೊರೆ ಮತ್ತು ಮೂಳೆಯ ನಡುವಿನ ಜಾಗ ಕೆಲವೇ ಮಿಲಿಮೀಟರ್. ಡಾಕ್ಟರು ಅಲ್ಲಿಗೆ ಕೈ ಹದದ ಮೇಲೆ ಹೋಗುತ್ತಾರೆ, ನಾವು ಹೆರಿಗೆ ನೋವಿನಲ್ಲಿ ಅಲುಗಾಡುತ್ತಿರುತ್ತೇವೆ. ಸುಮಾರು 100 ಎಪಿಡ್ಯೂರಲ್‌ಗಳಲ್ಲಿ ಒಂದರಲ್ಲಿ ಸೂಜಿ ಒಂಚೂರು ಮುಂದೆ ಹೋಗಿ ಪೊರೆಗೆ ತೂತಾಗುತ್ತದೆ. ಆ ಸೂಜಿ ದಪ್ಪ, ಒಂದು ಮಿಲಿಮೀಟರಿಗಿಂತ ಜಾಸ್ತಿ. ಹಾಗಾಗಿ ತೂತಾದವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ಈ ತಲೆನೋವು ಬರುತ್ತದೆ. ತೂತಾದದ್ದು ಆ ಕ್ಷಣಕ್ಕೆ ಡಾಕ್ಟರಿಗೂ ಗೊತ್ತಾಗದೇ ಇರಬಹುದು.

ನಮ್ಮಲ್ಲಿ ಸಿಸೇರಿಯನ್‌ಗೆ ಕೊಡುವುದು ಹೆಚ್ಚಾಗಿ ಸ್ಪೈನಲ್, ಅಂದರೆ ಸೊಂಟದ ಕೆಳಗೆ ಮರಗಟ್ಟಿಸುವ ಬೆನ್ನಿನ ಇಂಜೆಕ್ಷನ್. ಅದರಲ್ಲಿ ಬೇಕೆಂದೇ ಪೊರೆ ದಾಟುತ್ತಾರೆ. ಆದರೆ ಸೂಜಿ ತುಂಬಾ ಸಣ್ಣದು, ಅರ್ಧ ಮಿಲಿಮೀಟರಿನ ಆಸುಪಾಸು. ಪೆನ್ಸಿಲ್ ಮೊನೆಯಂಥ ಸೂಜಿಯಾದರೆ ಪೊರೆಯ ಎಳೆಗಳು ಕತ್ತರಿಸುವ ಬದಲು ಸರಿದುಕೊಳ್ಳುತ್ತವೆ, ತಲೆನೋವು ಇನ್ನೂ ಅಪರೂಪ. ಆದರೂ ಕೆಲವರಿಗೆ ಬರುತ್ತದೆ.

ಎದ್ದಾಗಲೇ ಯಾಕೆ ನೋವು? ಮನೆ ಮೇಲಿನ ನೀರಿನ ಟ್ಯಾಂಕ್ ನೆನಪಿಸಿಕೊಳ್ಳಿ. ಕೆಳಗಿನ ಪೈಪಿನಲ್ಲಿ ಸಣ್ಣ ತೂತಿದ್ದರೂ ಮೇಲಿನ ನೀರಿನ ಭಾರಕ್ಕೆ ಚಿಮ್ಮುತ್ತದೆ. ನಾವು ಕೂತರೆ ತಲೆ ಮೇಲೆ, ತೂತು ಕೆಳಗೆ. ದ್ರವ ಸೋರುತ್ತದೆ, ಮಿದುಳಿಗಿದ್ದ ಆಸರೆ ತಗ್ಗುತ್ತದೆ, ಸುತ್ತಲಿನ ಪೊರೆಗಳು ಜಗ್ಗುತ್ತವೆ, ರಕ್ತನಾಳಗಳು ಹಿಗ್ಗುತ್ತವೆ. ಮಲಗಿದರೆ ತಲೆ, ತೂತು ಎರಡೂ ಒಂದೇ ಮಟ್ಟಕ್ಕೆ ಬಂದು ಜಗ್ಗಾಟ ನಿಲ್ಲುತ್ತದೆ.

ಇದು ಹೊಸ ಕಾಯಿಲೆಯೇನಲ್ಲ. ಸ್ಪೈನಲ್ ಅರಿವಳಿಕೆಯನ್ನು ಮೊದಲು ಬಳಕೆಗೆ ತಂದ ಜರ್ಮನಿಯ ಡಾಕ್ಟರ್ ಆಗಸ್ಟ್ ಬಿಯರ್ 1898ರಲ್ಲಿ ತಮ್ಮ ಬೆನ್ನಿಗೇ ಸೂಜಿ ಹಾಕಿಸಿಕೊಂಡರು. ದ್ರವ ಸೋರಿಹೋಯಿತು. ಆಮೇಲೆ 9 ದಿನ ಎದ್ದರೆ ತಲೆನೋವು, ಮಲಗಿದರೆ ಆರಾಮ ಅಂತ ಅವರೇ ಬರೆದಿದ್ದಾರೆ. ಅದನ್ನು ಓದಿದ ದಿನ ನನಗೆ ಒಂಥರಾ ಸಮಾಧಾನವಾಯಿತು.

ಮೊದಲ ಹೆಜ್ಜೆ: ಇದು ಅದೇ ತಲೆನೋವಾ ಅಂತ ನೋಡಿಕೊಳ್ಳಿ

ಸಾಮಾನ್ಯವಾಗಿ ಇಂಜೆಕ್ಷನ್ ಆಗಿ ಒಂದರಿಂದ ಮೂರು ದಿನದೊಳಗೆ ಶುರುವಾಗುತ್ತದೆ. ಐದನೇ ದಿನದವರೆಗೂ ಬರಬಹುದು. ಅಷ್ಟರಲ್ಲಿ ಎಷ್ಟೋ ಜನ ಡಿಸ್ಚಾರ್ಜ್ ಆಗಿ ಮನೆ ಸೇರಿರುತ್ತಾರೆ. ತೊಂದರೆ ಆಗುವುದೇ ಅಲ್ಲಿ.

ಹಣೆ, ಹಿಂದಲೆ, ಕತ್ತು, ಭುಜದವರೆಗೆ ನೋವು ಬರಬಹುದು. ಕತ್ತು ಬಿಗಿಯಬಹುದು. ಕಿವಿ ಮುಚ್ಚಿದಂತೆ ಅಥವಾ ಗುಂಯ್ ಅಂದಂತೆ ಆಗಬಹುದು. ಬೆಳಕು ಚುಚ್ಚುವುದು, ವಾಕರಿಕೆ, ತಲೆ ಸುತ್ತು ಕೂಡ ಇರಬಹುದು. ಇವೆಲ್ಲಕ್ಕಿಂತ ಮುಖ್ಯವಾದ ಗುರುತು ಒಂದೇ. ಕೂತು ಅಥವಾ ನಿಂತು ಸ್ವಲ್ಪ ಹೊತ್ತಿಗೆ ಏರುತ್ತದೆ, ಮಟ್ಟಸವಾಗಿ ಮಲಗಿದರೆ ಇಳಿಯುತ್ತದೆ.

ಒಂದು ಚೀಟಿ ತಗೊಳ್ಳಿ. ಇಂಜೆಕ್ಷನ್ ಕೊಟ್ಟ ದಿನ, ಗಂಟೆ ಬರೆಯಿರಿ. ತಲೆನೋವು ಶುರುವಾದ ದಿನ ಬರೆಯಿರಿ. ಎದ್ದು ಎಷ್ಟು ನಿಮಿಷಕ್ಕೆ ಬರುತ್ತದೆ, ಮಲಗಿ ಎಷ್ಟು ಹೊತ್ತಿಗೆ ಹೋಗುತ್ತದೆ, ಯಾವ ಮಾತ್ರೆ ಯಾವಾಗ ನುಂಗಿದಿರಿ ಅಂತ ಬರೆಯಿರಿ. ಡಾಕ್ಟರು ಕೇಳುವುದು ಇದನ್ನೇ. ನಿದ್ದೆಗೆಟ್ಟ ತಲೆಯಲ್ಲಿ ಇದೊಂದೂ ನೆನಪಿರುವುದಿಲ್ಲ.

ಎರಡನೇ ಹೆಜ್ಜೆ: ಅಪಾಯದ ಗುರುತುಗಳು

ಬಾಣಂತಿಯ ಎಲ್ಲ ತಲೆನೋವೂ ಇದಲ್ಲ. ಕೆಳಗಿನ ಯಾವುದಾದರೂ ಒಂದು ಕಂಡರೂ ಬೆಳಗಾಗಲಿ ಅಂತ ಕಾಯಬೇಡಿ. 108ಕ್ಕೆ ಫೋನ್ ಮಾಡಿ, ಅಥವಾ ಸೀದಾ ದೊಡ್ಡ ಆಸ್ಪತ್ರೆಗೆ ಹೋಗಿ.

- ಮಲಗಿದರೂ ಹೋಗದ, ಅಥವಾ ಮಲಗಿದಾಗಲೇ ಜಾಸ್ತಿಯಾಗುವ ನೋವು. ಮೊದಲು ಎದ್ದಾಗ ಮಾತ್ರ ಇದ್ದದ್ದು ಈಗ ದಿನವಿಡೀ ಇದ್ದರೆ ಅದೂ ಅಪಾಯವೇ.
- ಫಿಟ್ಸ್, ಮಂಪರು, ತೊದಲು ಮಾತು, ಕೈ ಕಾಲು ಅಥವಾ ಮುಖದ ಒಂದು ಕಡೆ ಶಕ್ತಿ ಕಡಿಮೆಯಾಗುವುದು.
- ಜ್ವರದ ಜೊತೆ ಕತ್ತು ಬಿಗಿತ.
- ಕಣ್ಣು ಮಂಜಾಗುವುದು, ಒಂದು ವಸ್ತು ಎರಡಾಗಿ ಕಾಣುವುದು.
- ಬಿ.ಪಿ. 140/90 ಅಥವಾ ಅದಕ್ಕಿಂತ ಜಾಸ್ತಿ. ಅದರ ಜೊತೆ ಮುಖ ಊದಿಕೊಂಡಿದ್ದರೆ, ಎದೆಗೂಡಿನ ಕೆಳಗೆ ನೋವಿದ್ದರೆ ಇನ್ನೂ ಬೇಗ.
- ಇದ್ದಕ್ಕಿದ್ದಂತೆ ಸಿಡಿಲು ಬಡಿದ ಹಾಗೆ ಬಂದ ನೋವು.

ಬಿ.ಪಿ.ಯ ವಿಷಯ ಮರೆಯಬೇಡಿ. ಬಸುರಿನಲ್ಲಿ ಸರಿಯಾಗಿದ್ದ ಬಿ.ಪಿ. ಹೆರಿಗೆಯ ನಂತರವೂ ಏರಬಹುದು, ಆರು ವಾರದವರೆಗೂ ಆ ಭಯ ಇರುತ್ತದೆ. ಇನ್ನೊಂದು, ಮಿದುಳಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವುದು. ಅದು ಬಾಣಂತಿಯರಲ್ಲಿ ಆಗುವಂಥದ್ದು, ಮೈಯಲ್ಲಿ ನೀರು ಕಡಿಮೆಯಾದರೆ ಅದರ ಸಂಭವ ಜಾಸ್ತಿ. ಡಾಕ್ಟರು ಸ್ಕ್ಯಾನ್ ಬೇಕು ಅಂದರೆ ಸುಮ್ನೆ ಹೇಳುತ್ತಿದ್ದಾರೆ ಅಂದುಕೊಳ್ಳಬೇಡಿ.

ಮೂರನೇ ಹೆಜ್ಜೆ: ಯಾರಿಗೆ ಹೇಳಬೇಕು, ಹೇಗೆ ಹೇಳಬೇಕು

ನಾನು ಎಡವಿದ್ದು ಇಲ್ಲೇ. ಆಸ್ಪತ್ರೆಗೆ ಫೋನ್ ಮಾಡಿ "ತಲೆನೋವು" ಅಂದೆ. ಆ ಕಡೆಯಿಂದ "ನಿದ್ದೆ ಇಲ್ಲ ಅಲ್ವಾ ಮೇಡಂ, ಒಂದು ಪ್ಯಾರಾಸಿಟಮಾಲ್ ತಗೊಳ್ಳಿ" ಅಂದರು. ಅವರ ತಪ್ಪೇನಲ್ಲ, ನಾನು ಹೇಳಿದ್ದೇ ಅಷ್ಟು.

ಹೀಗೆ ಹೇಳಿ: "ಇಂಥ ದಿನ ನನಗೆ ಎಪಿಡ್ಯೂರಲ್ ಕೊಟ್ಟಿದ್ದರು. ಈಗ ಎದ್ದು ಕೂತರೆ ತಲೆನೋವು ಬರುತ್ತದೆ, ಮಲಗಿದರೆ ಹೋಗುತ್ತದೆ. ಅನಸ್ತೇಷಿಯಾ ಡಾಕ್ಟರ ಹತ್ತಿರ ಮಾತಾಡಬೇಕು." ಈ ಮೂರು ಮಾತು ಸಾಕು. ಅನಸ್ತೇಷಿಯಾ ಡಾಕ್ಟರು ಅಂದರೆ ಬೆನ್ನಿಗೆ ಆ ಇಂಜೆಕ್ಷನ್ ಕೊಡುವವರು. ಎರಡನೇ ಸಲ ನಾನು ಹೀಗೆ ಹೇಳಿದೆ. ಅರ್ಧ ಗಂಟೆಯಲ್ಲಿ ಅನಸ್ತೇಷಿಯಾ ಡಾಕ್ಟರೇ ಫೋನ್ ಮಾಡಿದರು.

ನಮ್ಮ ಕಡೆ ಚಿಕ್ಕ ನರ್ಸಿಂಗ್ ಹೋಂಗಳಲ್ಲಿ ಅನಸ್ತೇಷಿಯಾ ಡಾಕ್ಟರು ಆಪರೇಷನ್‌ಗೆ ಬಂದು ಹೋಗುವವರಾಗಿರುತ್ತಾರೆ. ಅವರ ಹೆಸರೂ ನಮಗೆ ಗೊತ್ತಿರುವುದಿಲ್ಲ. ಹೆರಿಗೆ ಮಾಡಿಸಿದ ಡಾಕ್ಟರ ಮೂಲಕ ಕೇಳಿ. ಆಗುವುದಿಲ್ಲ ಅಂದರೆ ಹತ್ತಿರದ ಜಿಲ್ಲಾಸ್ಪತ್ರೆಗೋ ಮೆಡಿಕಲ್ ಕಾಲೇಜು ಆಸ್ಪತ್ರೆಗೋ ಡಿಸ್ಚಾರ್ಜ್ ಕಾಗದ, ತಾಯಿ ಕಾರ್ಡ್ ಹಿಡಿದು ಹೋಗಿ. ಮಾತಾಡಲು ಗಂಡನೋ ಅಣ್ಣನೋ ಜೊತೆಗಿರಲಿ. ರಿಸೆಪ್ಷನ್ ಮುಂದೆ ಸಾಲಿನಲ್ಲಿ ನಿಲ್ಲುವ ಸ್ಥಿತಿ ನಿಮ್ಮದಲ್ಲ.

ದಾರಿಯಲ್ಲಿ ಕೂತು ಹೋಗಬೇಡಿ. ನಾನು ತುಮಕೂರಿನಿಂದ ಬೆಂಗಳೂರಿಗೆ ಕಾರಿನ ಹಿಂದಿನ ಸೀಟಿನಲ್ಲಿ ಅಮ್ಮನ ತೊಡೆ ಮೇಲೆ ತಲೆಯಿಟ್ಟು ಮಲಗಿಯೇ ಹೋದೆ. ಮಗು ತಂಗಿಯ ಕೈಯಲ್ಲಿತ್ತು, ಇನ್ನೊಂದು ಕಾರಿನಲ್ಲಿ.

ನಾಲ್ಕನೇ ಹೆಜ್ಜೆ: ಡಾಕ್ಟರು ನೋಡಿದ ಮೇಲೆ ಮೊದಲ ಒಂದೆರಡು ದಿನ

ತಡೆಯುವಂಥ ನೋವಾದರೆ ಮೊದಲು ಮಾತ್ರೆ, ನೀರು, ವಿಶ್ರಾಂತಿ. ತೂತು ತಾನಾಗೇ ಮುಚ್ಚಿಕೊಳ್ಳುತ್ತದೆ. ಹೆಚ್ಚಿನವರಿಗೆ ಒಂದೆರಡು ವಾರದೊಳಗೆ ಹೋಗಿಬಿಡುತ್ತದೆ.

ಮಲಗುವುದು. ನೋವು ಬಂದಾಗ ಮಲಗಿ, ಇಲ್ಲದಾಗ ಏಳಿ. ಇಡೀ ದಿನ ಮಲಗಿದರೆ ತೂತು ಬೇಗ ಮುಚ್ಚುತ್ತದೆ ಅನ್ನುವುದಕ್ಕೆ ಆಧಾರವಿಲ್ಲ. ಹಾಸಿಗೆಗೆ ಅಂಟಿಕೊಂಡರೆ ಕಾಲಿನಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯ ಬೇರೆ. ಮಲಗಿದ್ದಾಗಲೂ ಪಾದ ಮೇಲೆ ಕೆಳಗೆ ಆಡಿಸುತ್ತಿರಿ. "ದಿಂಬು ಇಟ್ಟುಕೊಂಡಿದ್ದಕ್ಕೇ ಹೀಗಾಯ್ತು, ತಲೆ ಎತ್ತಿದ್ದಕ್ಕೇ ಹೀಗಾಯ್ತು" ಅಂತ ಯಾರಾದರೂ ಅಂದರೆ ಮನಸ್ಸಿಗೆ ಹಚ್ಚಿಕೊಳ್ಳಬೇಡಿ. ನೋವು ಬಂದದ್ದು ತೂತಿನಿಂದ, ನೀವು ಮಾಡಿದ ತಪ್ಪಿನಿಂದ ಅಲ್ಲ.

ನೀರು. ಇದನ್ನು ಅಮ್ಮಂದಿರು, ಅತ್ತೆಯರು ದಯವಿಟ್ಟು ಓದಬೇಕು. ಬಾಣಂತಿಗೆ ನೀರು ಜಾಸ್ತಿ ಕೊಟ್ಟರೆ ಹೊಟ್ಟೆ ಬರುತ್ತದೆ, ಶೀತ ಆಗುತ್ತದೆ ಅಂತ ಎಷ್ಟೋ ಮನೆಗಳಲ್ಲಿ ದಿನಕ್ಕೆ ಎರಡು ಮೂರು ಲೋಟ ಮಾತ್ರ ಕೊಡುತ್ತಾರೆ. ನನಗೂ ಹಾಗೇ ಆಗಿತ್ತು. ಹಾಲೂಡಿಸುವ ತಾಯಿಗೆ ಬಾಯಾರಿಕೆ ಜಾಸ್ತಿ. ನೀರು ಕಡಿಮೆಯಾದರೆ ತಲೆನೋವು ಹೆಚ್ಚುತ್ತದೆ, ಮಲಬದ್ಧತೆ ಆಗುತ್ತದೆ. ಬಿಸಿ ನೀರೇ ಕೊಡಿ, ಜೀರಿಗೆ ನೀರು ಕೊಡಿ, ತಿಳಿ ಸಾರು ಕೊಡಿ, ಆದರೆ ಬಾಯಾರಿಕೆ ತೀರುವಷ್ಟು ಕೊಡಿ. ಹಾಗಂತ ಬಿಂದಿಗೆಗಟ್ಟಲೆ ಕುಡಿದರೆ ತೂತು ಮುಚ್ಚುವುದಿಲ್ಲ, ಬಾತ್‌ರೂಮಿಗೆ ಎದ್ದು ಎದ್ದು ಸುಸ್ತಾಗುತ್ತದೆ ಅಷ್ಟೇ. ಹಾಸಿಗೆ ಪಕ್ಕ ಬಾಟಲಿ, ಅದರಲ್ಲೊಂದು ಸ್ಟ್ರಾ ಇಟ್ಟುಕೊಂಡರೆ ತಲೆ ಎತ್ತದೆ ಪಕ್ಕಕ್ಕೆ ತಿರುಗಿ ಕುಡಿಯಬಹುದು.

ಕಾಫಿ. ಕೆಫೀನ್ ಹಿಗ್ಗಿದ ರಕ್ತನಾಳಗಳನ್ನು ಕುಗ್ಗಿಸಿ ಸ್ವಲ್ಪ ಹೊತ್ತು ಆರಾಮ ಕೊಡುತ್ತದೆ. ತೂತಿಗೆ ಅದೇನೂ ಮಾಡುವುದಿಲ್ಲ. ಹಾಲೂಡಿಸುವವರು ದಿನಕ್ಕೆ 200ರಿಂದ 300 ಮಿಲಿಗ್ರಾಂ ಕೆಫೀನ್ ದಾಟಬಾರದು. ಗಟ್ಟಿ ಡಿಕಾಕ್ಷನ್ ಹಾಕಿದ ಫಿಲ್ಟರ್ ಕಾಫಿ ಎರಡು ಸಣ್ಣ ಲೋಟಕ್ಕೆ ನಿಲ್ಲಿಸಿ. ಬಿ.ಪಿ. ಜಾಸ್ತಿ ಇದ್ದವರು, ಫಿಟ್ಸ್ ಬಂದವರು ಡಾಕ್ಟರನ್ನು ಕೇಳದೆ ಕುಡಿಯಬೇಡಿ. ರಾತ್ರಿ ಬೇಡ, ಸಿಗುವ ಒಂದು ಗಂಟೆ ನಿದ್ದೆಯೂ ಹೋಗುತ್ತದೆ.

ಮಾತ್ರೆ. ಸಾಮಾನ್ಯವಾಗಿ ಪ್ಯಾರಾಸಿಟಮಾಲ್, ಅದರ ಜೊತೆ ಐಬುಪ್ರೊಫೆನ್ ಅಥವಾ ಡೈಕ್ಲೋಫೆನಾಕ್ ಕೊಡುತ್ತಾರೆ. ಹೇಳಿದ ಹೊತ್ತಿಗೆ ಸರಿಯಾಗಿ ನುಂಗಿ, ನೋವು ತಾರಕಕ್ಕೇರಲಿ ಅಂತ ಕಾಯಬೇಡಿ. ಡೋಲೋ, ಕ್ರೋಸಿನ್, ಕ್ಯಾಲ್ಪಾಲ್ ಎಲ್ಲವೂ ಪ್ಯಾರಾಸಿಟಮಾಲೇ. ಹೆಸರು ಬೇರೆ ಅಂತ ಎರಡೆರಡು ನುಂಗಿದರೆ ಲಿವರಿಗೆ ಅಪಾಯ. ದಿನಕ್ಕೆ 4 ಗ್ರಾಂ ಯಾವ ಕಾರಣಕ್ಕೂ ದಾಟಬಾರದು, ತೂಕ 50 ಕೆ.ಜಿ.ಗಿಂತ ಕಡಿಮೆ ಇರುವವರಿಗೆ ಮಿತಿ ಇನ್ನೂ ಕಡಿಮೆ. ಮನೆಯಲ್ಲಿ ಬಿದ್ದಿರುವ ಆಸ್ಪಿರಿನ್, ಕೊಡೀನ್ ಇರುವ ಮಾತ್ರೆ ಮುಟ್ಟಬೇಡಿ, ಹಾಲಿನ ಮೂಲಕ ಮಗುವಿಗೆ ಹೋಗುತ್ತದೆ.

ಹಾಲೂಡಿಸುವುದು. ಕೂತು ಹಾಲೂಡಿಸಿದರೆ ಮಾತ್ರ ಸರಿ ಅಂತ ಹಟ ಹಿಡಿಯಬೇಡಿ. ಪಕ್ಕಕ್ಕೆ ತಿರುಗಿ ಮಲಗಿ. ಬೆನ್ನ ಹಿಂದೆ ಒಂದು ದಿಂಬು, ಮೊಣಕಾಲುಗಳ ನಡುವೆ ಇನ್ನೊಂದು. ಮಗುವನ್ನು ಯಾರಾದರೂ ತಂದು ನಿಮ್ಮ ಕಡೆ ಮುಖಮಾಡಿ ಮಲಗಿಸಲಿ, ಮಗುವಿನ ಮೂಗು ನಿಮ್ಮ ಮೊಲೆತೊಟ್ಟಿನ ನೇರಕ್ಕೆ ಬರಲಿ. ಕುಡಿದಾದ ಮೇಲೆ ತೇಗು ಬರಿಸುವ ಕೆಲಸ ಅಜ್ಜಿಯದೋ ಅಪ್ಪನದೋ. ಮಾತ್ರೆ, ಸುಸ್ತು ಸೇರಿ ನಿಮಗೆ ಕಣ್ಣು ಹತ್ತಬಹುದು, ಹಾಗಾಗಿ ಹಾಲೂಡಿಸುವಾಗ ಪಕ್ಕದಲ್ಲಿ ಒಬ್ಬರು ಎಚ್ಚರವಾಗಿರಲಿ.

ಸ್ನಾನ. ತಲೆಗೆ ನೀರು ಹಾಕುವ ಕಾರ್ಯಕ್ರಮ ಒಂದು ವಾರ ಮುಂದೆ ಹೋದರೆ ಏನೂ ಆಗುವುದಿಲ್ಲ. ಬಿಸಿ ನೀರಲ್ಲಿ ಅದ್ದಿದ ಬಟ್ಟೆಯಿಂದ ಮಲಗಿದಲ್ಲೇ ಮೈ ಒರೆಸಿದರೆ ಸಾಕು. ಬಚ್ಚಲಲ್ಲಿ ತಲೆ ಸುತ್ತಿ ಬಿದ್ದರೆ ಕಷ್ಟ. ಹೊಟ್ಟೆಗೆ ಬಟ್ಟೆ ಕಟ್ಟುವುದು ಹಿತ ಅನ್ನಿಸಿದರೆ ಸಡಿಲವಾಗಿ ಕಟ್ಟಿಸಿಕೊಳ್ಳಿ, ಅದರಿಂದ ತಲೆನೋವು ವಾಸಿಯಾಗುತ್ತದೆ ಅಂತ ಮಾತ್ರ ಬಿಗಿಸಬೇಡಿ.

ತಿಣುಕುವುದು, ಬಗ್ಗುವುದು, ಭಾರ ಎತ್ತುವುದು ಬೇಡ. ಮಲ ಸಲೀಸಾಗಲು ಇಸಬ್‌ಗೋಲ್ ಅಥವಾ ಸಿರಪ್ ಬರೆಸಿಕೊಳ್ಳಿ.

ಐದನೇ ಹೆಜ್ಜೆ: ಬ್ಲಡ್ ಪ್ಯಾಚ್

ಮಗು ನೋಡಿಕೊಳ್ಳಲು ಆಗದಷ್ಟು, ಊಟಕ್ಕೂ ಕೂರಲಾಗದಷ್ಟು ನೋವಿದ್ದರೆ ಬ್ಲಡ್ ಪ್ಯಾಚ್ ಬಗ್ಗೆ ನೀವೇ ಕೇಳಿ. ನಮ್ಮದೇ ರಕ್ತ ತೆಗೆದು ಬೆನ್ನಿನಲ್ಲಿ ತೂತಿನ ಹತ್ತಿರ ಬಿಡುತ್ತಾರೆ. ಅದು ಹೆಪ್ಪುಗಟ್ಟಿ ತೇಪೆ ಹಾಕಿದ ಹಾಗೆ ತೂತು ಮುಚ್ಚುತ್ತದೆ. 1960ರಲ್ಲಿ ಅಮೆರಿಕದ ಸರ್ಜನ್ ಜೇಮ್ಸ್ ಗಾರ್ಮ್ಲಿ ಇದನ್ನು ಶುರುಮಾಡಿದರು. ಸೂಜಿ ಹಾಕುವಾಗ ರಕ್ತ ಬಂದವರಿಗೆ ಆಮೇಲೆ ತಲೆನೋವು ಕಡಿಮೆ ಅನ್ನುವುದು ಅವರ ಕಣ್ಣಿಗೆ ಬಿದ್ದಿತ್ತು. ಅವರು ಹಾಕಿದ್ದು 2 ಮಿಲಿಲೀಟರ್ ಅಷ್ಟೇ, ಈಗ 20ರವರೆಗೆ ಹಾಕುತ್ತಾರೆ.

ತೂತಾಗಿ ಮೊದಲ 48 ಗಂಟೆಯೊಳಗೆ ಹಾಕಿದರೆ ಕೆಲಸ ಮಾಡದೇ ಹೋಗುವುದು ಜಾಸ್ತಿ. ಅದಕ್ಕೇ ಡಾಕ್ಟರು "ಇನ್ನೊಂದು ದಿನ ನೋಡೋಣ" ಅನ್ನಬಹುದು. ಜ್ವರ, ಸೋಂಕು ಇದ್ದರೆ ಹಾಕುವುದಿಲ್ಲ. ಸಿಸೇರಿಯನ್ ನಂತರ ರಕ್ತ ತೆಳುವಾಗಿಸುವ ಹೆಪಾರಿನ್‌ನಂಥ ಇಂಜೆಕ್ಷನ್ ತಗೊಳ್ಳುತ್ತಿದ್ದರೆ ಕೊನೆಯದು ಯಾವಾಗ ಕೊಟ್ಟರು ಅಂತ ತಪ್ಪದೇ ಹೇಳಿ.

ನನಗೆ ಮಾಡಿದ್ದು ಐದನೇ ದಿನ ಸಂಜೆ. ಪಕ್ಕಕ್ಕೆ ಮಲಗಿಸಿ ಮೊಣಕಾಲು ಮಡಿಚಿಸಿದರು. ಬೆನ್ನು ತಣ್ಣಗೆ ಒರೆಸಿದರು, ಮರಗಟ್ಟುವ ಇಂಜೆಕ್ಷನ್ ಚುರುಕ್ ಅಂತು. ಒಬ್ಬ ಡಾಕ್ಟರು ಬೆನ್ನಿನಲ್ಲಿ ಸೂಜಿ ಕೂರಿಸಿದರು, ಇನ್ನೊಬ್ಬರು ಗೌನ್ ತೊಟ್ಟು ನನ್ನ ಎಡಗೈಯಿಂದ ರಕ್ತ ಎಳೆದು ಸಿರಿಂಜ್ ದಾಟಿಸಿದರು. "ನಿಧಾನಕ್ಕೆ ಹಾಕ್ತೀನಿ, ಬೆನ್ನು ಬಿಗಿ ಅನ್ಸಿದ್ರೆ ಹೇಳಮ್ಮ" ಅಂದರು. 17ನೇ ಮಿಲಿಲೀಟರಿಗೆ ಸೊಂಟದೊಳಗೆ ಯಾರೋ ಹೆಬ್ಬೆರಳು ಒತ್ತಿ ಹಿಡಿದ ಹಾಗಾಯಿತು. ಹೇಳಿದೆ, ನಿಲ್ಲಿಸಿದರು. ಎಲ್ಲ ಸೇರಿ ಅರ್ಧ ಗಂಟೆ. ಆಮೇಲೆ ಎರಡು ಗಂಟೆ ಅಂಗಾತ ಮಲಗಿದ್ದೆ. ಸಿಸ್ಟರ್ ಬಂದು ಮೆಲ್ಲಗೆ ಕೂರಿಸಿದರು. ನೋವು ಬಂದೇ ಬರುತ್ತದೆ ಅಂತ ಕಣ್ಣು ಬಿಗಿಯಾಗಿ ಮುಚ್ಚಿದ್ದೆ. ಬರಲಿಲ್ಲ. ಫ್ಯಾನಿನ ಸದ್ದು ಕಿವಿಗೆ ಸ್ಪಷ್ಟವಾಗಿ ಕೇಳಿಸಿತು. ಕೂತುಕೊಂಡೇ ಮಗುವನ್ನು ಎತ್ತಿಕೊಂಡದ್ದು ಅವತ್ತೇ ಮೊದಲು.

ಎಲ್ಲರಿಗೂ ಇಷ್ಟು ಸಲೀಸಾಗುವುದಿಲ್ಲ, ಅದನ್ನೂ ಹೇಳಬೇಕು. ಎಪಿಡ್ಯೂರಲ್ ಸೂಜಿಯ ತೂತಾದರೆ ಒಂದೇ ಪ್ಯಾಚಿಗೆ ಪೂರ್ತಿ ವಾಸಿಯಾಗುವುದು ಅಂದಾಜು ಮೂರರಲ್ಲಿ ಒಬ್ಬರಿಗೆ. ಇನ್ನೂ ಕೆಲವರಿಗೆ ಸಾಕಷ್ಟು ಕಡಿಮೆಯಾಗುತ್ತದೆ. ಉಳಿದವರಿಗೆ ಎರಡನೇ ಪ್ಯಾಚ್ ಬೇಕಾಗಬಹುದು. ಕೆಲವು ಆಸ್ಪತ್ರೆಗಳಲ್ಲಿ ಮೊದಲು ಹಿಂದಲೆಯ ನರಕ್ಕೆ ಇಂಜೆಕ್ಷನ್ ಕೊಟ್ಟು, ಅಥವಾ ಮೂಗಿನೊಳಗೆ ಔಷಧಿ ಬಿಟ್ಟು ನೋಡುತ್ತಾರೆ. ಅದು ನೋವು ತಗ್ಗಿಸುತ್ತದೆ, ತೂತು ಮುಚ್ಚುವುದಿಲ್ಲ.

ಪ್ಯಾಚ್ ಆದಮೇಲೆ

ಎರಡು ದಿನ ಮಗುವಿಗಿಂತ ಭಾರದ್ದು ಏನೂ ಎತ್ತಬೇಡಿ. ಬಗ್ಗಿ ತೊಟ್ಟಿಲಿಂದ ಮಗು ಎತ್ತಬೇಡಿ, ಬೇರೆಯವರು ಕೈಗೆ ಕೊಡಲಿ. ಎದ್ದೇಳುವಾಗ ಮೊದಲು ಪಕ್ಕಕ್ಕೆ ಹೊರಳಿ, ಕೈ ಊರಿ ಏಳಿ. ಕೆಲವು ದಿನ ಸೊಂಟ ಹಿಡಿದಂತಿರುತ್ತದೆ, ಅದು ಸಹಜ. ಜ್ವರ ಬಂದರೆ, ಬೆನ್ನು ನೋವು ಏರುತ್ತಲೇ ಹೋದರೆ, ಕಾಲು ಜೋಮು ಹಿಡಿದರೆ ಅಥವಾ ಶಕ್ತಿ ಕಡಿಮೆಯಾದರೆ, ಮೂತ್ರ ಕಟ್ಟಿದರೆ ಅಥವಾ ಗೊತ್ತಾಗದೆ ಹೋದರೆ ತಕ್ಷಣ ಆಸ್ಪತ್ರೆಗೆ ಹೋಗಿ.

ತಲೆನೋವು ಹೋದ ಮೇಲೂ ಆರು ವಾರದ ಚೆಕಪ್‌ನಲ್ಲಿ ಈ ವಿಷಯ ಎತ್ತಿ. ಕೆಲವರಿಗೆ ತಿಂಗಳುಗಟ್ಟಲೆ ಸಣ್ಣಗೆ ತಲೆನೋವು, ಬೆನ್ನು ನೋವು ಉಳಿಯುವುದುಂಟು. ಮನಸ್ಸು ಕುಗ್ಗುತ್ತಿದ್ದರೆ ಅದನ್ನೂ ಹೇಳಿ. ಹುಟ್ಟಿದ ಕಂದನನ್ನು ಮೂರು ದಿನ ಸರಿಯಾಗಿ ಎತ್ತಿಕೊಳ್ಳಲಾಗದೆ ಸೂರು ನೋಡುತ್ತಾ ಮಲಗಿದ್ದವಳಿಗೆ ಅಳು ಬಂದರೆ ಅದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ.

ಮುಂದಿನ ಹೆರಿಗೆಗೆ

ಒಮ್ಮೆ ಹೀಗಾಯಿತು ಅಂದರೆ ಇನ್ನು ಬೆನ್ನಿಗೆ ಇಂಜೆಕ್ಷನ್ನೇ ಆಗದು ಅಂತಲ್ಲ. ಮತ್ತೆ ತಗೊಳ್ಳಬಹುದು. ಡಾಕ್ಟರಿಗೆ ಮೊದಲೇ ಗೊತ್ತಿರಬೇಕು ಅಷ್ಟೇ. ಡಿಸ್ಚಾರ್ಜ್ ಕಾಗದದಲ್ಲಿ ಇದನ್ನು ಬರೆದಿರುವುದೇ ಇಲ್ಲ ಎಷ್ಟೋ ಸಲ. ಬರೆಸಿಕೊಳ್ಳಿ. ನಾನು ಫೈಲಿನ ಮೊದಲ ಪುಟದಲ್ಲಿ ಅನಸ್ತೇಷಿಯಾ ಡಾಕ್ಟರ ಕೈಯಲ್ಲೇ ನಾಲ್ಕು ಸಾಲು ಬರೆಸಿದ್ದೇನೆ: ಎಪಿಡ್ಯೂರಲ್ ವೇಳೆ ಪೊರೆಗೆ ತೂತು, ಮೂರನೇ ದಿನ ತಲೆನೋವು, ಐದನೇ ದಿನ 17 ಮಿಲಿಲೀಟರ್ ಬ್ಲಡ್ ಪ್ಯಾಚ್, ಪೂರ್ತಿ ಗುಣ. ಆ ಪುಟದ ಫೋಟೋ ನನ್ನ ಫೋನಿನಲ್ಲಿದೆ, ಅಮ್ಮನ ಫೋನಿನಲ್ಲೂ ಇದೆ.